ಕಡಲ ನೋಟ ಯಾರಪ್ಪನ ಮನೆ ಸ್ವತ್ತು?

1/10

ನಿಮ್ಮ ಫೀಡ್‌ನಲ್ಲೂ ಆ ರೀಲ್ ಬಂದಿರ್ತದೆ. ಡ್ರೋನ್ ಮೇಲಕ್ಕೆ ಏಳ್ತದೆ. ಕೆಳಗೆ ಕಡಿದಾದ ಬಂಡೆ, ಬಂಡೆಗೆ ಬಡಿಯುವ ಅಲೆ, ಬಂಡೆಯ ನೆತ್ತಿಯಲ್ಲಿ ಕಾರ್ಪೆಟ್ ಹಾಸಿದ ಹಾಗೆ ಹಸಿರು ಹುಲ್ಲು, ಅದರ ನಡುವೆ ಬಿಳಿ ಪ್ಯಾಂಟ್ ಹಾಕಿದ ಒಬ್ಬ ಮನುಷ್ಯ. ಮೇಲೆ ದಪ್ಪ ಅಕ್ಷರದಲ್ಲಿ: ಸಾಯುವ ಮೊದಲು ಆಡಲೇಬೇಕಾದ ಲಿಂಕ್ಸ್ ಗಾಲ್ಫ್ ಕೋರ್ಸ್‌ಗಳು.

ನಾನು ಓದಲಿಕ್ಕೆ ಸ್ಕಾಟ್ಲೆಂಡಿಗೆ ಬಂದ ಮೇಲೆ ನಮ್ಮ ಡಿಗ್ರಿ ಕ್ಲಾಸಿನವರು ಇಂಥ ರೀಲ್ ಕಳಿಸಿದ್ದಕ್ಕೆ ಲೆಕ್ಕ ಇಲ್ಲ. "ಹೋದ್ಯಾ? ಆಡಿದ್ಯಾ? ಫೋಟೋ ಹಾಕು ಮಾರಾಯ್ತಿ!" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಯ್ತು. ಹಾಗಾಗಿ ಹತ್ತು ಪೋಸ್ಟ್. ಗಾಲ್ಫ್ ಗಂಧಗಾಳಿ ಇಲ್ಲದವರೂ ಓದಿ. ಇದರಲ್ಲಿ ಗಾಲ್ಫ್‌ಗಿಂತ ಕಡಲ ದಂಡೆಯ ವಿಷಯವೇ ಜಾಸ್ತಿ.

ನನ್ನ ವಾದ ಮೊದಲೇ ಹೇಳಿಬಿಡ್ತೇನೆ. ಆ ರೀಲುಗಳಲ್ಲಿ ಬರುವ ಎಷ್ಟೋ ಕೋರ್ಸ್‌ಗಳು ಲಿಂಕ್ಸೇ ಅಲ್ಲ. ನಿಜವಾದ ಲಿಂಕ್ಸ್‌ನ ಬೆಲೆ ಅದರ ನೋಟದಲ್ಲಿಲ್ಲ. ಅದು ಊರಿನ ನೆಲ, ಯಾರು ಬೇಕಾದರೂ ಕಾಲಿಡಬಹುದಾದ ನೆಲ ಅನ್ನುವುದರಲ್ಲಿದೆ. ಆ ನೆಲಕ್ಕೆ ಗೇಟ್ ಹಾಕಿ, ಓಡಾಡುವ ಮರಳ ದಿಬ್ಬವನ್ನು ಕಟ್ಟಿಹಾಕಿ, ಸಮುದ್ರದ ನೋಟಕ್ಕೆ ಟಿಕೆಟ್ ಹರಿಯುವವರು ಮಾಡ್ತಿರುವುದು ರಿಯಲ್ ಎಸ್ಟೇಟ್. ಅದಕ್ಕೆ ಗಾಲ್ಫ್ ಅಂತ ಹೆಸರಿಟ್ಟಿದ್ದಾರೆ. ನಮ್ಮ ಲೈಕು ಆ ವ್ಯಾಪಾರಕ್ಕೆ ಪುಕ್ಕಟೆ ಜಾಹೀರಾತು.

ನಾನು ಗಾಲ್ಫ್ ದ್ವೇಷಿ ಅಲ್ಲ. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಸಿಕ್ಕಿದ ಐದು ಕ್ಲಬ್ ಹಿಡ್ಕೊಂಡು, ಕೆಟ್ಟದಾಗಿ, ತುಂಬ ಖುಷಿಯಿಂದ ಆಡ್ತೇನೆ. ಆಟ ಇಷ್ಟ ಆದದ್ದಕ್ಕೇ ಈ ಸಿಟ್ಟು.

2/10

ಮೊದಲು ಶಬ್ದ ಸರಿ ಮಾಡ್ಕೊಳ್ಳೋಣ.

ಸಮುದ್ರ ಕಾಣುವ ಗಾಲ್ಫ್ ಕೋರ್ಸ್ ಎಲ್ಲ ಲಿಂಕ್ಸ್ ಅಂತ ತಿಳ್ಕೊಂಡವರೇ ಹೆಚ್ಚು. ಲಿಂಕ್ಸ್ ಅಂದರೆ ಒಂದು ಬಗೆಯ ನೆಲ. ಹಳೆಯ ಇಂಗ್ಲಿಷಿನಲ್ಲಿ ದಿಣ್ಣೆ, ಏರು ಅನ್ನುವ ಅರ್ಥದ 'ಹ್ಲಿಂಕ್' ಅನ್ನುವ ಪದದಿಂದ ಬಂದದ್ದು. ಸ್ಕಾಟ್ಲೆಂಡಿನ ಕರಾವಳಿಯಲ್ಲಿ ಬೀಚು ಮುಗಿದು ಉಳುವ ಹೊಲ ಶುರುವಾಗುವ ನಡುವೆ ಒಂದು ಪಟ್ಟಿ ಇರ್ತದೆ. ಅಲೆ ಮತ್ತು ಗಾಳಿ ಸಾವಿರಾರು ವರ್ಷ ತಂದು ಸುರಿದ ಮರಳು, ಅದರ ಏರಿಳಿತ, ಮೇಲೊಂದು ತೆಳ್ಳಗಿನ ಹುಲ್ಲಿನ ಹೊದಿಕೆ. ಸಮುದ್ರದ ಬದಿಯ ದಿಬ್ಬದಲ್ಲಿ ಮ್ಯಾರಮ್ ಅನ್ನುವ ಒರಟು ಹುಲ್ಲು. ಅದರ ಬೇರು ಮರಳನ್ನು ಹಿಡಿದಿಡ್ತದೆ. ಹಿಂದಿನ ತಗ್ಗಿನಲ್ಲಿ ಫೆಸ್ಕ್ಯೂ ಅನ್ನುವ ಸೂಜಿಯಂಥ ಎಳೆಯ ಹುಲ್ಲು. ಅಲ್ಲಲ್ಲಿ ಹಳದಿ ಹೂವಿನ ಗೋರ್ಸ್ ಮುಳ್ಳುಪೊದೆ.

ಈ ನೆಲದಲ್ಲಿ ಬೆಳೆ ಬೆಳೀಲಿಕ್ಕೆ ಆಗುವುದಿಲ್ಲ. ಸುರಿದ ಮಳೆ ಎಲ್ಲ ಮರಳಲ್ಲಿ ಇಂಗಿ ಹೋಗ್ತದೆ. ಆದರೆ ಕುರಿ ಮೇಯಿಸಬಹುದು, ಮೊಲ ಹಿಡೀಬಹುದು, ಬಟ್ಟೆ ಒಣಗಿಸಬಹುದು, ಬಲೆ ಹರಡಬಹುದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಕಡಲ ಬದಿಯ ಗೋಮಾಳ.

ಆಟ ಹುಟ್ಟಿದ್ದು ಆ ಗೋಮಾಳದಲ್ಲಿ. ಯಾವ ಡಿಸೈನರೂ ಇರಲಿಲ್ಲ. ಕುರಿ, ಮೊಲ ಮೇಯ್ದು ಹುಲ್ಲು ಗಿಡ್ಡ ಆಗಿತ್ತು. ಗಾಳಿಗೆ ಮರೆಯಾಗಿ ಕುರಿಗಳು ಒತ್ತೊತ್ತಿ ಮಲಗಿದ ಗುಂಡಿಗಳೇ ಮುಂದೆ ಬಂಕರ್ ಆದವು ಅಂತ ಇಲ್ಲಿಯವರು ಹೇಳ್ತಾರೆ. 1457ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಗಾಲ್ಫನ್ನೂ ಫುಟ್ಬಾಲನ್ನೂ ಒಟ್ಟಿಗೇ ನಿಷೇಧಿಸಿತ್ತು. ಕಾರಣ, ಗಂಡಸರು ಬಿಲ್ಲುಗಾರಿಕೆ ಅಭ್ಯಾಸ ಬಿಟ್ಟು ಇವುಗಳ ಹಿಂದೆ ಬಿದ್ದಿದ್ದರು. ಬರೀ ನಾಲ್ಕು ಸಾಹುಕಾರರು ಆಡ್ತಿದ್ದರೆ ಆ ತಲೆನೋವು ರಾಜನಿಗೆ ಬರ್ತಿರಲಿಲ್ಲ.

ಜಗತ್ತಿನಲ್ಲಿ 30 ಸಾವಿರಕ್ಕೂ ಹೆಚ್ಚು ಗಾಲ್ಫ್ ಕೋರ್ಸ್ ಉಂಟು. 2010ರಲ್ಲಿ ಬಂದ 'ಟ್ರೂ ಲಿಂಕ್ಸ್' ಅನ್ನುವ ಪುಸ್ತಕ ಅವುಗಳಲ್ಲಿ ನಿಜವಾದ ಲಿಂಕ್ಸ್ ಎಷ್ಟು ಅಂತ ಎಣಿಸಿತು. ಸಿಕ್ಕಿದ್ದು 246.

3/10

ಇನ್ನು ಅಲ್ಲಿ ಆಡುವುದು ಹೇಗೆ?

ಟಿವಿಯಲ್ಲಿ ನೋಡುವ ಗಾಲ್ಫ್‌ನಲ್ಲಿ ಚೆಂಡು ಆಕಾಶಕ್ಕೆ ಹಾರಿ, ಮೆತ್ತನೆಯ ಗ್ರೀನ್ ಮೇಲೆ ಬಿದ್ದು, ಅಲ್ಲೇ ನಿಲ್ತದೆ. ಲಿಂಕ್ಸ್‌ನಲ್ಲಿ ಹಾಗೆ ಹೊಡೆದರೆ ಗಾಳಿ ಅದನ್ನು ಪಕ್ಕದ ಊರಿಗೆ ತಗೊಂಡು ಹೋಗ್ತದೆ. ನೆಲವೂ ಗಟ್ಟಿ, ಬಿದ್ದದ್ದು ಪುಟಿದು ಉರುಳಿ ಗುಂಡಿಗೆ ಸೇರ್ತದೆ. ಹಾಗಾಗಿ ಚೆಂಡನ್ನು ತಗ್ಗಿನಲ್ಲೇ ಇಡಬೇಕು. ಗ್ರೀನ್‌ಗೆ ಇನ್ನೂ 40 ಗಜ ಇರುವಾಗಲೇ ನೆಲಕ್ಕಿಳಿಸಿ, ಏರುತಗ್ಗು ಓದಿ, ಉರುಳಿಸಿ ತಲುಪಿಸಬೇಕು. ಗೋಲಿ ಆಡಿದವರಿಗೆ ಇದು ಅರ್ಧ ನಿಮಿಷದಲ್ಲಿ ಅರ್ಥ ಆಗ್ತದೆ.

ಹಳೆಯ ಲಿಂಕ್ಸ್ ಹಲವು ಕಡೆ ದಂಡೆಗುಂಟ ಒಂಬತ್ತು ಹೋಲ್ ಮುಂದಕ್ಕೆ, ಒಂಬತ್ತು ವಾಪಸ್. ಹೋಗುವಾಗ ಎದುರುಗಾಳಿ ಇದ್ದರೆ ಬರುವಾಗ ಬೆನ್ನಿಗೆ. ಮಧ್ಯದಲ್ಲಿ ಗಾಳಿ ತಿರುಗಿದರೆ ಎರಡೂ ಕಡೆ ಎದುರುಗಾಳಿ! ನ್ಯಾಯ ಕೇಳ್ಲಿಕ್ಕೆ ಯಾರೂ ಇಲ್ಲ.

ಈ ಆಟಕ್ಕೆ ಕಣ್ಣು ಕುಕ್ಕುವ ನೋಟದ ಅಗತ್ಯವೇ ಇಲ್ಲ. ದಿಬ್ಬಗಳ ನಡುವಿನ ತಗ್ಗಿನಲ್ಲಿ ಆಡುವಾಗ ಎಷ್ಟೋ ಹೊತ್ತು ಸಮುದ್ರ ಕಾಣುವುದಿಲ್ಲ, ಕೇಳ್ತದೆ ಅಷ್ಟೆ. 1946ರಲ್ಲಿ ಅಮೆರಿಕದ ಸ್ಯಾಮ್ ಸ್ನೀಡ್ ರೈಲಿನಲ್ಲಿ ಸೇಂಟ್ ಆಂಡ್ರೂಸ್‌ಗೆ ಬರುವಾಗ ಕಿಟಕಿಯಿಂದ ಓಲ್ಡ್ ಕೋರ್ಸ್ ನೋಡಿ, ಯಾವುದೋ ಪಾಳುಬಿದ್ದ ಗಾಲ್ಫ್ ಮೈದಾನ ಅಂದುಕೊಂಡರಂತೆ. ಆ ಸಲ ಓಪನ್ ಚಾಂಪಿಯನ್‌ಷಿಪ್ ಗೆದ್ದದ್ದು ಅವರೇ, ಅದೇ ಪಾಳು ಮೈದಾನದಲ್ಲಿ.

ಬಣ್ಣದ ವಿಷಯವೂ ಹಾಗೇ. ಒಣ ಬೇಸಿಗೆಯಲ್ಲಿ ಒಳ್ಳೆಯ ಲಿಂಕ್ಸ್ ಕಂದಾಗ್ತದೆ. 2006ರಲ್ಲಿ ಇಂಗ್ಲೆಂಡಿನ ಹೊಯ್ಲೇಕ್‌ನಲ್ಲಿ ಹುಲ್ಲು ಒಣಗಿ ನೆಲ ರಸ್ತೆಯ ಹಾಗೆ ಆಗಿತ್ತು. ಟೈಗರ್ ವುಡ್ಸ್ ನಾಲ್ಕು ದಿನದ 72 ಹೋಲ್‌ಗಳಲ್ಲಿ ಅತಿ ದೂರ ಹೊಡೆಯುವ ಡ್ರೈವರ್ ಕ್ಲಬ್ ಹೊರತೆಗೆದದ್ದು ಒಂದೇ ಸಲ. ಉಳಿದದ್ದನ್ನು ನೆಲ ನೋಡ್ಕೊಂಡಿತು, ಗೆದ್ದರು. ಫೆಸ್ಕ್ಯೂ ಕಂದಾದರೂ ಸಾಯುವುದಿಲ್ಲ, ಮಳೆ ಬಂದರೆ ಮತ್ತೆ ಚಿಗುರ್ತದೆ. ಹನ್ನೆರಡು ತಿಂಗಳೂ ಹಸಿರು ಕಾರ್ಪೆಟ್ ಬೇಕು ಅನ್ನುವವರಿಗೆ ಬೇಕಾದದ್ದು ನೀರು, ಗೊಬ್ಬರ ಮತ್ತು ಫಿಲ್ಟರ್.

4/10

ಈಗ ಮುಖ್ಯ ಪ್ರಶ್ನೆ. ಲಿಂಕ್ಸ್ ಯಾರದ್ದು?

ಸೇಂಟ್ ಆಂಡ್ರೂಸ್ ಊರಿನ ಕಥೆ ಕೇಳಿ. 1552ರಲ್ಲಿ ಅಲ್ಲಿಯ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಒಂದು ಸನ್ನದು ಬರೆದರು. ಅವರಿಗೆ ಲಿಂಕ್ಸ್‌ನಲ್ಲಿ ಮೊಲ ಸಾಕುವ ಹಕ್ಕು ಬೇಕಿತ್ತು. ಅದರ ಬದಲಿಗೆ ಊರಿನ ಜನ ಆ ನೆಲದಲ್ಲಿ ಗಾಲ್ಫ್, ಫುಟ್ಬಾಲ್, ಬಿಲ್ಲುಗಾರಿಕೆ ಆಡುವ ಹಕ್ಕನ್ನು ಅಧಿಕೃತವಾಗಿ ಒಪ್ಪಿದರು. ಗಮನಿಸಿ, ಆ ಹಕ್ಕು ಯಾವುದೋ ಕ್ಲಬ್ಬಿನ ಸದಸ್ಯರಿಗೆ ಸಿಕ್ಕಿದ್ದಲ್ಲ. ಊರಿಗೇ ಸಿಕ್ಕಿದ್ದು.

1797ರಲ್ಲಿ ಪುರಸಭೆ ದಿವಾಳಿಯಾಯ್ತು. ಲಿಂಕ್ಸನ್ನು ಮೊಲದ ವ್ಯಾಪಾರಿಗಳಿಗೆ ಮಾರಿಬಿಟ್ಟರು. ಮೊಲಗಳು ಎಲ್ಲೆಂದರಲ್ಲಿ ಬಿಲ ತೋಡಿದವು, ಜನರಿಗೆ ಸಿಟ್ಟು ಬಂತು, ಕೋರ್ಟು ಕಚೇರಿ ಅಂತ ಸುಮಾರು 20 ವರ್ಷ ಜಗಳ ನಡೀತು. 1821ರಲ್ಲಿ ಜೇಮ್ಸ್ ಚೀಪ್ ಅನ್ನುವ ಜಮೀನ್ದಾರರು ನೆಲ ಕೊಂಡು ಆಟಕ್ಕೆ ಉಳಿಸಿದರು. 1894ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ಲಿಂಕ್ಸ್ ಮತ್ತೆ ಊರಿನ ಕೈಗೆ ಬಂತು. 1974ರಿಂದ ಒಂದು ಟ್ರಸ್ಟ್ ನೋಡ್ಕೊಳ್ತಾ ಉಂಟು.

ಅಂದರೆ ಜಗತ್ತಿನ ಅತಿ ಪ್ರಸಿದ್ಧ ಗಾಲ್ಫ್ ಕೋರ್ಸ್ ಸಾರ್ವಜನಿಕ ನೆಲ, ಮಾರಾಯ್ರೆ! ಮೊದಲನೇ ಮತ್ತು 18ನೇ ಹೋಲ್ ಅಡ್ಡ ಸೀಳ್ಕೊಂಡು ಗ್ರ್ಯಾನಿ ಕ್ಲಾರ್ಕ್ಸ್ ವಿಂಡ್ ಅನ್ನುವ ದಾರಿ ಹೋಗ್ತದೆ. ಬೀಚಿಗೆ ಹೋಗುವ ಅಜ್ಜಿ, ನಾಯಿ, ತಳ್ಳುಗಾಡಿಯ ಮಗು ಎಲ್ಲ ಅಲ್ಲೇ ದಾಟುವುದು. ಅವರು ದಾಟುವ ತನಕ ಗಾಲ್ಫರ್ ಕಾಯ್ಬೇಕು. ಭಾನುವಾರ, ದೊಡ್ಡ ಟೂರ್ನಮೆಂಟ್‌ಗಳ ಹೊತ್ತು ಬಿಟ್ಟರೆ, ಆಟವೇ ಇಲ್ಲ. ಜನ ಬಂದು ಫೇರ್‌ವೇ ಮೇಲೆ ನಡೀತಾರೆ, ನಾಯಿ ಓಡಿಸ್ತಾರೆ.

ಹೊರಗಿನವರಿಗೆ ಓಲ್ಡ್ ಕೋರ್ಸ್ ದುಬಾರಿ, ಸುಳ್ಳು ಹೇಳುವುದಿಲ್ಲ. ಸೀಸನ್‌ನಲ್ಲಿ ಒಂದು ಸುತ್ತಿಗೆ 300 ಪೌಂಡ್ ದಾಟಿದೆ. ಅದೂ ಲಾಟರಿಯಲ್ಲಿ ಹೆಸರು ಬಂದರೆ. ಆದರೆ ಊರಿನವರಿಗೆ ವರ್ಷದ ಟಿಕೆಟ್ ಕಡಿಮೆ ದರದಲ್ಲಿ ಸಿಗ್ತದೆ. ನಡೆಯುವವರಿಗೆ, ಕೂತು ನೋಡುವವರಿಗೆ ಬೆಲೆ ಸೊನ್ನೆ. ಪ್ರಪಂಚಕ್ಕೆ ಬೆಲೆ ಹಾಕಿದರೂ ಊರಿಗೆ ಬಾಗಿಲು ಮುಚ್ಚಲಿಲ್ಲ.

5/10

ಈ ಪೋಸ್ಟ್ ನಮ್ಮ ಹುಡುಗಿಯರಿಗೆ.

ಎಡಿನ್‌ಬರೋ ಪಕ್ಕದಲ್ಲಿ ಮಸಲ್‌ಬರೋ ಅನ್ನುವ ಊರು ಉಂಟು. ಅಲ್ಲಿಯ ಲಿಂಕ್ಸ್‌ನಲ್ಲಿ 1672ರಲ್ಲೇ ಗಾಲ್ಫ್ ಆಡಿದ್ದಕ್ಕೆ ದಾಖಲೆ ಇದೆ. ಅಲ್ಲಿಯ ಮೀನುಗಾರ ಹೆಂಗಸರು ಬೆನ್ನ ಮೇಲೆ ಬುಟ್ಟಿ ಹೊತ್ತು ಎಡಿನ್‌ಬರೋ ತನಕ ಹೋಗಿ ಮೀನು ಮಾರ್ತಿದ್ದರು. ಮಲ್ಪೆ, ಗಂಗೊಳ್ಳಿಯ ನಮ್ಮ ಅಮ್ಮಂದಿರದ್ದು ತಲೆಯ ಮೇಲೆ, ಅವರದ್ದು ಬೆನ್ನ ಮೇಲೆ, ಅಷ್ಟೇ ವ್ಯತ್ಯಾಸ. 1810ರ ಕೊನೆಯಲ್ಲಿ ಊರಿನ ಗಾಲ್ಫ್ ಕ್ಲಬ್ ಈ ಹೆಂಗಸರಿಗೆ ಅಂತಲೇ ಹೊಸ ವರ್ಷದ ಪಂದ್ಯ ಇಡ್ತು. ಬಹುಮಾನ ಏನು ಗೊತ್ತುಂಟಾ? ಹೊಸ ಮೀನಿನ ಬುಟ್ಟಿ, ಒಂದು ಶಾಲು. ಜೊತೆಗೆ ರೇಷ್ಮೆ ಕರವಸ್ತ್ರ. ಹೆಂಗಸರ ಗಾಲ್ಫ್ ಸ್ಪರ್ಧೆಗೆ ಸಿಗುವ ಅತಿ ಹಳೆಯ ದಾಖಲೆಗಳಲ್ಲಿ ಇದೊಂದು. ಆಡಿದವರು ರಾಣಿಯರಲ್ಲ, ಮೀನು ಮಾರುವವರು.

ಅವರಿಗೆ ಅದು ಹೇಗೆ ಸಾಧ್ಯ ಆಯ್ತು? ಲಿಂಕ್ಸ್ ಅವರ ದಾರಿಯಲ್ಲೇ ಇತ್ತು. ಗೇಟು ಇರಲಿಲ್ಲ.

1867ರಲ್ಲಿ ಸೇಂಟ್ ಆಂಡ್ರೂಸ್‌ನ ಹೆಂಗಸರು ತಮ್ಮದೇ ಪಟ್ಟಿಂಗ್ ಕ್ಲಬ್ ಕಟ್ಟಿದರು. ಉಬ್ಬು ತಗ್ಗಿನ ಆ ಹುಲ್ಲಿನ ಹೆಸರು 'ಹಿಮಾಲಯಾಸ್'! ಇವತ್ತಿಗೂ ಕೆಲವೇ ಪೌಂಡ್ ಕೊಟ್ಟರೆ ಯಾರು ಬೇಕಾದರೂ ಆಡಬಹುದು. ನಮ್ಮ ದೇಶದ ಹಿಮಾಲಯ ಹತ್ತದ ನಾನು ಇದನ್ನು ಮೂರು ಸಲ ಹತ್ತಿ ಇಳಿದಿದ್ದೇನೆ.

ಈಗ ಇದರ ಎದುರು ಗೋಡೆ ಕಟ್ಟಿದ ಕ್ಲಬ್ಬುಗಳನ್ನು ಇಡಿ. ಸೇಂಟ್ ಆಂಡ್ರೂಸ್‌ನ ರಾಯಲ್ ಆಂಡ್ ಏನ್ಶಂಟ್ ಕ್ಲಬ್ ಹೆಂಗಸರನ್ನು ಸದಸ್ಯರಾಗಿ ಸೇರಿಸಲು ಒಪ್ಪಿದ್ದು 2014ರಲ್ಲಿ. ಮುಯಿರ್‌ಫೀಲ್ಡ್‌ನ ಕ್ಲಬ್ಬಿನಲ್ಲಿ 2016ರ ಮತದಾನದಲ್ಲೂ ಬೇಕಾದಷ್ಟು ಮತ ಬೀಳಲಿಲ್ಲ. ಓಪನ್ ಪಂದ್ಯ ಕೈ ತಪ್ಪುತ್ತದೆ ಅಂತಾದ ಮೇಲೆ 2017ರಲ್ಲಿ ಒಪ್ಪಿದರು.

1811ರಲ್ಲಿ ಮೀನು ಮಾರುವ ಹೆಂಗಸಿಗೆ ತೆರೆದಿದ್ದ ಹುಲ್ಲು. 2016ರಲ್ಲಿ ಮುಚ್ಚಿದ ಬಾಗಿಲು. ಕಾಲ ಮುಂದೆ ಹೋದ ಹಾಗೆ ಎಲ್ಲ ತಾನಾಗಿ ಸರಿಯಾಗ್ತದೆ ಅನ್ನುವವರು ಇದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

6/10

ಈಗ ರೀಲಿನ ಕೋರ್ಸ್‌ಗಳಿಗೆ ಬರೋಣ.

ಎಲ್ಲ ಪಟ್ಟಿಯಲ್ಲೂ ಇರುವುದು ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್. 1919ರಲ್ಲಿ ತೆರೆದದ್ದು. ಹೆಸರಿನಲ್ಲೇ 'ಗಾಲ್ಫ್ ಲಿಂಕ್ಸ್' ಅಂತ ಉಂಟು. ಆದರೆ ಅದು ಪೆಸಿಫಿಕ್ ಸಮುದ್ರದ ಮೇಲಿನ ಬಂಡೆಯ ನೆತ್ತಿ. ಮರಳ ದಿಬ್ಬದ ಗೋಮಾಳ ಅಲ್ಲ. ಚಂದ ಇಲ್ಲವಾ? ಭಯಂಕರ ಚಂದ. ಆಟ ಕಷ್ಟವಾ? ತುಂಬ. ಒಂದು ಸುತ್ತಿಗೆ 600 ಡಾಲರ್ ದಾಟಿದೆ, ಅಂದರೆ 50 ಸಾವಿರ ರೂಪಾಯಿಗೂ ಮೇಲೆ. ಮುಂಚಿತವಾಗಿ ಬುಕ್ ಮಾಡಲು ಅವರದ್ದೇ ರೆಸಾರ್ಟಿನಲ್ಲಿ ರೂಮು ತಗೊಳ್ಳಬೇಕು. ಆ ದಂಡೆಯ ರಸ್ತೆಗೆ ಕಾರು ತಗೊಂಡು ಹೋಗಲಿಕ್ಕೂ ಗೇಟಿನಲ್ಲಿ ಶುಲ್ಕ. ಸೇಂಟ್ ಆಂಡ್ರೂಸ್‌ನ ಅಜ್ಜಿ ನಾಯಿ ಜೊತೆ ದಾಟುವ ದಾರಿ ನೆನಪು ಮಾಡ್ಕೊಳ್ಳಿ. ಎರಡನ್ನೂ ಒಂದೇ ಶಬ್ದದಿಂದ ಕರೆಯುವುದು ಹೇಗೆ?

ಇಲ್ಲಿಯವರೂ ಸಾಚಾ ಅಲ್ಲ. 2008ರಲ್ಲಿ ಅದೇ ಸೇಂಟ್ ಆಂಡ್ರೂಸ್ ಟ್ರಸ್ಟ್ ಊರ ಹೊರಗೆ ಬಂಡೆಯ ಮೇಲಿನ ಹೊಲದಲ್ಲಿ ಕ್ಯಾಸಲ್ ಕೋರ್ಸ್ ಮಾಡ್ತು. ಮಣ್ಣು ತೆಗೆಯುವ ಯಂತ್ರ ತಂದು, ದಿಬ್ಬ ಗುಡ್ಡೆ ಹಾಕಿ, ಮರಳ ನಾಡಿನ ಹಾಗೆ ಕಾಣುವಂತೆ ಮಾಡಿದರು. ಫೋಟೋಗೆ ಬೊಂಬಾಟ್. ಪಕ್ಕದ ಕಿಂಗ್ಸ್‌ಬಾರ್ನ್ಸ್ ಕೂಡ 2000ದಲ್ಲಿ ಬಹುಪಾಲು ಹೊಲದ ಮೇಲೆಯೇ ರೂಪಿಸಿದ್ದು. ಈ ಎರಡರ ಮೇಲೆ ನನ್ನ ತಕರಾರು ಸಣ್ಣದು. ಉಳುಮೆಯ ಹೊಲ ತಗೊಂಡರು, ಜೀವಂತ ಮರಳ ದಿಬ್ಬ ಕೆಡಿಸಲಿಲ್ಲ. ನಕಲಿ ಬಂಗಾರ ಅಂತ ಹೇಳಿ ಮಾರಿದರೆ ಮೋಸ ಅಲ್ಲ. ಅಸಲಿ ಅಂದರೆ ಮೋಸ.

ನಿಜವಾದ ಅಪಾಯ ಮುಂದಿನ ಹೆಜ್ಜೆ. ನೋಟವೇ ಸರಕು ಅಂತಾದ ಮೇಲೆ ಹೊಲ ಸಾಲುವುದಿಲ್ಲ. ಅಸಲಿ ದಿಬ್ಬವೇ ಬೇಕಾಗ್ತದೆ, ಅದೂ ದೊಡ್ಡದು, ಯಾರೂ ಮುಟ್ಟದ್ದು. ಆಗ ಏನಾಗ್ತದೆ ಅಂತ ನೋಡ್ಲಿಕ್ಕೆ ಅಬರ್ಡೀನ್‌ನ ಉತ್ತರಕ್ಕೆ ಹೋಗಬೇಕು.

7/10

ಅಬರ್ಡೀನ್‌ಷೈರ್, ಮೆನೀ ಎಸ್ಟೇಟ್.

ಅಲ್ಲಿಯ ಫೋವೆರನ್ ಲಿಂಕ್ಸ್‌ನಲ್ಲಿ ಒಂದು ಅಪರೂಪದ ಮರಳ ರಾಶಿ ಇತ್ತು. ಗಾಳಿ ಬೀಸಿದ ಹಾಗೆ ಅದು ನಿಧಾನಕ್ಕೆ ಜಾಗ ಬದಲಾಯಿಸ್ತಿತ್ತು. ಇಡೀ ದಿಬ್ಬವೇ ನಡೆಯುವುದು! ಮುಂದೆ ಹೋದ ಹಾಗೆ ಹಿಂದೆ ಬರಿ ಮರಳು, ತೇವದ ತಗ್ಗು ಬಿಟ್ಟು ಹೋಗುವುದು. ಅಲ್ಲಿ ಹೊಸ ಗಿಡ, ಹೊಸ ಹುಳ ಹುಟ್ಟುವುದು. ಈ ಚಲನೆಯೇ ಅದರ ಜೀವ. ಅದಕ್ಕಾಗಿಯೇ ಸರ್ಕಾರ ಅದನ್ನು ವಿಶೇಷ ವೈಜ್ಞಾನಿಕ ಮಹತ್ವದ ತಾಣ ಅಂತ ಗುರುತಿಸಿತ್ತು.

2006ರಲ್ಲಿ ಡೊನಾಲ್ಡ್ ಟ್ರಂಪ್ ಆ ಎಸ್ಟೇಟ್ ಕೊಂಡರು. ಆಗ ಅವರು ಅಧ್ಯಕ್ಷರಲ್ಲ, ಟಿವಿಯ ಉದ್ಯಮಿ. ಜಗತ್ತಿನ ಅತ್ಯುತ್ತಮ ಗಾಲ್ಫ್ ಕೋರ್ಸ್, ದೊಡ್ಡ ಹೋಟೆಲ್, ನೂರಾರು ಮನೆ, 100 ಕೋಟಿ ಪೌಂಡ್ ಹೂಡಿಕೆ, 6,000 ಉದ್ಯೋಗ ಅಂತ ಭರವಸೆ. 2007ರಲ್ಲಿ ಸ್ಥಳೀಯ ಸಮಿತಿ ಅರ್ಜಿ ತಿರಸ್ಕರಿಸಿತು. ಸ್ಕಾಟಿಷ್ ಸರ್ಕಾರ ಕಡತವನ್ನು ತನ್ನ ಕೈಗೆ ತಗೊಂಡು 2008ರಲ್ಲಿ ಒಪ್ಪಿಗೆ ಕೊಟ್ಟಿತು. ಆರ್ಥಿಕ ಲಾಭ ಪರಿಸರ ನಷ್ಟಕ್ಕಿಂತ ದೊಡ್ಡದು ಅನ್ನುವ ವಾದ. 2012ರಲ್ಲಿ ಕೋರ್ಸ್ ತೆರೆಯಿತು.

ನಡೆಯುವ ದಿಬ್ಬದ ಮೇಲೆ ಗಾಲ್ಫ್ ಆಡ್ಲಿಕ್ಕೆ ಆಗುವುದಿಲ್ಲ. ಹಾಗಾಗಿ ಮ್ಯಾರಮ್ ಹುಲ್ಲು ನೆಟ್ಟು ಮರಳನ್ನು ನಿಲ್ಲಿಸಿದರು. ನದಿಗೆ ಸಿಮೆಂಟ್ ಹಾಕಿ, ನೋಡಿ ಎಷ್ಟು ಶಿಸ್ತಾಗಿ ಉಂಟು ಅಂದ ಹಾಗೆ.

2020ರ ಡಿಸೆಂಬರ್‌ನಲ್ಲಿ ಸ್ಕಾಟ್ಲೆಂಡಿನ ನಿಸರ್ಗ ಸಂಸ್ಥೆ ನೇಚರ್‌ಸ್ಕಾಟ್ ಫೋವೆರನ್‌ನ ಆ ಭಾಗಕ್ಕೆ ಕೊಟ್ಟಿದ್ದ ವಿಶೇಷ ಸ್ಥಾನ ತೆಗೆದುಹಾಕಿತು. ರಕ್ಷಿಸಲು ಯೋಗ್ಯವಾದ ಲಕ್ಷಣವೇ ಅಲ್ಲಿ ಉಳಿದಿಲ್ಲ ಅನ್ನುವುದು ಅವರ ತೀರ್ಮಾನ. ಕಂಪನಿ ಅದನ್ನು ಒಪ್ಪಲಿಲ್ಲ, ಖಂಡಿಸಿತು.

ಆ 6,000 ಉದ್ಯೋಗ? ಸಾವಿರದ ಹತ್ತಿರಕ್ಕೂ ಬರಲಿಲ್ಲ. ಕೋರ್ಸ್ ತೆರೆದು 10 ವರ್ಷ ಕಳೆದರೂ ಆ ದೊಡ್ಡ ಹೋಟೆಲ್ ಎದ್ದಿರಲಿಲ್ಲ. ಕೊಟ್ಟದ್ದು ಪಕ್ಕಾ, ಬಂದದ್ದು ಬಾಕಿ. ಈ ವ್ಯಾಪಾರ ನಮ್ಮಲ್ಲಿ ಯಾರಿಗೂ ಹೊಸತಲ್ಲ.

8/10

ಮೆನೀಯ ಕಥೆ ಇನ್ನೂ ಮುಗಿದಿಲ್ಲ. ನೋಟದ ವಿಷಯಕ್ಕೆ ಬರೋಣ. ನನಗೆ ಅತಿ ಸಿಟ್ಟು ಬರುವುದು ಇಲ್ಲಿಯೇ.

ಆ ಎಸ್ಟೇಟಿನ ಪಕ್ಕ ಕೆಲವು ಮನೆಗಳಿದ್ದವು. ಮೀನು ಹಿಡಿದು, ಸಣ್ಣ ಹಿಡುವಳಿ ಮಾಡಿ ಬದುಕುವವರದ್ದೂ ಇತ್ತು. ಕೆಲವರು ಮಾರಲು ಒಪ್ಪಲಿಲ್ಲ. 2011ರಲ್ಲಿ ಬಂದ 'ಯೂ ಹ್ಯಾವ್ ಬೀನ್ ಟ್ರಂಪ್ಡ್' ಅನ್ನುವ ಸಾಕ್ಷ್ಯಚಿತ್ರದಲ್ಲಿ ಅವರ ಪಾಡು ನೋಡಬಹುದು. ಒಪ್ಪದವರ ಮನೆಗಳ ಮುಂದೆ ಮಣ್ಣಿನ ಒಡ್ಡು ಎದ್ದಿತು, ಮರಗಳನ್ನು ನೆಟ್ಟರು. ವರ್ಷಗಟ್ಟಲೆ ಕಿಟಕಿಯಿಂದ ಕಾಣ್ತಿದ್ದದ್ದು ಮರೆಯಾಯ್ತು. ದುಡ್ಡು ಕೊಟ್ಟು ಬರುವ ಗಾಲ್ಫರಿಗೆ ಹಳೆಯ ಮನೆ, ಕೊಟ್ಟಿಗೆ, ತುಕ್ಕು ಹಿಡಿದ ಟ್ರ್ಯಾಕ್ಟರ್ ಕಾಣಬಾರದಲ್ಲ!

ಅಲ್ಲಿಗೆ ನಿಲ್ಲಲಿಲ್ಲ. ಅಬರ್ಡೀನ್ ಕೊಲ್ಲಿಯಲ್ಲಿ 11 ಗಾಳಿಯಂತ್ರಗಳ ವಿದ್ಯುತ್ ಯೋಜನೆ ಬಂತು. ಗಾಲ್ಫ್ ಕೋರ್ಸಿನಿಂದ ಸಮುದ್ರದ ನೋಟ ಹಾಳಾಗ್ತದೆ ಅಂತ ಟ್ರಂಪ್ ಕಂಪನಿ ಕೋರ್ಟಿಗೆ ಹೋಯ್ತು. ಒಂದೊಂದೇ ಮೆಟ್ಟಿಲು ಹತ್ತಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ತನಕ. 2015ರ ಡಿಸೆಂಬರ್‌ನಲ್ಲಿ ಸೋತಿತು. 2018ರಲ್ಲಿ ಯಂತ್ರಗಳು ತಿರುಗಲು ಶುರು ಮಾಡಿದವು.

ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಬಡವನ ಕಿಟಕಿಯ ಮುಂದೆ ಮಣ್ಣು ಸುರಿದರೆ ಅದು ಲ್ಯಾಂಡ್‌ಸ್ಕೇಪಿಂಗ್. ತನ್ನ ಕೋರ್ಸಿನ ಎದುರು, ಅದೂ ಸಮುದ್ರದಲ್ಲಿ, ಊರಿಗೆ ಕರೆಂಟ್ ಕೊಡುವ ಕಂಬ ನಿಂತರೆ ಅದು ಅನ್ಯಾಯ. ನೋಟವನ್ನು ಆಸ್ತಿ ಅಂತ ಒಮ್ಮೆ ಒಪ್ಪಿದರೆ ತರ್ಕ ಹೋಗಿ ನಿಲ್ಲುವುದು ಇಲ್ಲಿಗೇ. ದಂಡೆ ಕೊಂಡವನು ದಿಗಂತವೂ ನನ್ನದು ಅಂತಾನೆ.

ಲಿಂಕ್ಸ್‌ನಲ್ಲಿ ಬೆಳೆದ ಆಟ ಗಾಳಿಯನ್ನು ಒಪ್ಪಿಕೊಂಡು ಆಡುವ ಆಟ. ಗಾಳಿಯಂತ್ರ ಕಂಡರೆ ಆಗದವನಿಗೆ ಲಿಂಕ್ಸ್ ಎಂತಕ್ಕೆ ಬೇಕು?

9/10

ಡಿಎಂನಲ್ಲಿ ಬಂದ ಮೂರು ಆಕ್ಷೇಪಗಳಿಗೆ ಉತ್ತರ.

ಒಂದು: "ಗಾಲ್ಫ್ ಇಲ್ಲದಿದ್ದರೆ ಆ ದಿಬ್ಬಗಳ ಮೇಲೆ ಯಾವತ್ತೋ ಮನೆ, ಫ್ಯಾಕ್ಟರಿ ಎದ್ದಿರ್ತಿತ್ತು." ಇದರಲ್ಲಿ ಸತ್ಯ ಉಂಟು, ಗಟ್ಟಿ ವಾದ. ಬ್ರಿಟನ್ನಿನಲ್ಲಿ ಎಷ್ಟೋ ಹಳೆಯ ಲಿಂಕ್ಸ್‌ಗಳ ಒಳಗೇ ಸಂರಕ್ಷಿತ ತಾಣಗಳಿವೆ. ಆಟ ಅವುಗಳನ್ನು ಕಾಪಾಡಿದೆ. ಆದರೆ ಕಾಪಾಡಿದ್ದು ಯಾವ ಗಾಲ್ಫ್? ಇದ್ದ ನೆಲದ ಮೇಲೆ ಇದ್ದ ಹಾಗೆಯೇ ಆಡಿದ ಗಾಲ್ಫ್. ಉತ್ತರದ ಬ್ರೋರಾದಲ್ಲಿ ಕುರಿ, ದನ ಕೋರ್ಸ್ ಮೇಲೆಯೇ ಮೇಯ್ತಿದ್ದವು. ಗ್ರೀನ್ ಸುತ್ತ ಮಾತ್ರ ಸಣ್ಣ ವಿದ್ಯುತ್ ತಂತಿ. ಆ ಹಳೆಯ ಪುಣ್ಯವನ್ನು ಬುಲ್‌ಡೋಜರ್ ತಂದವರು ತಮ್ಮ ಖಾತೆಗೆ ಬರೆಸಿಕೊಳ್ಳುವುದು ಬೇಡ.

ಎರಡು: "ಉದ್ಯೋಗ ಬೇಡವಾ? ಹಳ್ಳಿಗಳು ಖಾಲಿಯಾಗ್ತಾ ಉಂಟು." ಬೇಕು. ಡಾರ್ನಾಕ್ ಹತ್ತಿರದ ಕೂಲ್ ಲಿಂಕ್ಸ್‌ನಲ್ಲಿ ಇದೇ ಜಗಳ. ಊರಿನ ಎಷ್ಟೋ ಜನ ಕೋರ್ಸ್ ಬೇಕು ಅಂದರು, ಅವರನ್ನು ಮೂರ್ಖರು ಅನ್ನಲಿಕ್ಕೆ ನನಗೆ ಹಕ್ಕಿಲ್ಲ. ಆದರೆ ಅದು ಫೊನ್ಸೆಕಾ ಅನ್ನುವ ಪುಟ್ಟ ನೊಣ ಇರುವ ಜಾಗ. ಜಗತ್ತಿನಲ್ಲಿ ಆ ಕರಾವಳಿಯ ತುಂಡಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ. 2020ರಲ್ಲಿ ಸರ್ಕಾರ ಆ ಯೋಜನೆಗೆ ಇಲ್ಲ ಅಂದಿತು. ಆಮೇಲೆ ಊರವರ ಹೆಸರಿನಲ್ಲಿ ಮತ್ತೊಂದು ಅರ್ಜಿ ಬಂತು. ಡಾರ್ನಾಕ್‌ನಲ್ಲಿ ಈಗಾಗಲೇ ಜಗತ್ಪ್ರಸಿದ್ಧ ಲಿಂಕ್ಸ್ ಉಂಟು. ಮೆನೀಯ ಲೆಕ್ಕ ನೋಡಿದ ಮೇಲೂ ಭರವಸೆಯ ಕಾಗದಕ್ಕೆ ದಿಬ್ಬ ಬರೆದುಕೊಡಬೇಕಾ?

ಮೂರು: "ಒಂದು ನೊಣಕ್ಕೆ, ಒಂದು ಮರಳ ರಾಶಿಗೆ ಇಷ್ಟು ರಂಪ ಎಂತಕ್ಕೆ?" ಮಾಂಟ್ರೋಸ್‌ಗೆ ಬನ್ನಿ. 1562ರಿಂದ ಗಾಲ್ಫ್ ಆಡ್ತಿರುವ ಊರು. ಅಲ್ಲಿ ಸಮುದ್ರ ದಿಬ್ಬಗಳನ್ನು ತಿನ್ನುತ್ತಾ ಕೋರ್ಸಿನ ಒಳಗೆ ಬರ್ತಾ ಉಂಟು. ಟೀಗಳನ್ನೇ ಹಿಂದಕ್ಕೆ ಸರಿಸಬೇಕಾಗಿ ಬಂತು. ಆ ಸಮುದ್ರಕ್ಕೂ ಊರಿಗೂ ನಡುವೆ ನಿಂತಿರುವುದು ಅದೇ ಮರಳ ರಾಶಿ. ಅದು ಹೋದರೆ ಗಾಲ್ಫರ್‌ಗೂ ಜಾಗ ಇಲ್ಲ, ನಡೆಯುವವರಿಗೂ ಇಲ್ಲ.

10/10

ಹಾಗಾದರೆ ಮಾಡಬೇಕಾದದ್ದು ಎಂತದು?

ಇಲ್ಲಿಗೆ ಓದಲಿಕ್ಕೆ, ತಿರುಗಲಿಕ್ಕೆ ಬರುವವರು ಕೇಳಿ. ಕಡಲ ಬದಿ ಗಾಲ್ಫ್ ಆಡ್ಬೇಕು ಅಂತ ಆಸೆ ಇದ್ದರೆ ಖಂಡಿತ ಆಡಿ. ಮಸಲ್‌ಬರೋದ ಹಳೆಯ ಒಂಬತ್ತು ಹೋಲ್, ಸೇಂಟ್ ಆಂಡ್ರೂಸ್‌ನ ಬಾಲ್ಗೋವ್, ಹಿಮಾಲಯಾಸ್ — ವಿದ್ಯಾರ್ಥಿಯ ಪರ್ಸಿಗೆ ಭಾರ ಆಗುವುದಿಲ್ಲ. ಆಡಲು ಬಾರದವರು ಭಾನುವಾರ ಓಲ್ಡ್ ಕೋರ್ಸಿನಲ್ಲಿ ಸುಮ್ಮನೆ ನಡೀರಿ. 2003ರ ಭೂ ಸುಧಾರಣಾ ಕಾಯ್ದೆ ಪ್ರಕಾರ ಸ್ಕಾಟ್ಲೆಂಡಿನಲ್ಲಿ ಗಾಲ್ಫ್ ಕೋರ್ಸನ್ನು ಜವಾಬ್ದಾರಿಯಿಂದ ದಾಟುವ ಹಕ್ಕು ಎಲ್ಲರಿಗೂ ಉಂಟು. ಆಡುವವರಿಗೆ ಅಡ್ಡ ಬರಬೇಡಿ, ಗ್ರೀನ್ ತುಳಿಯಬೇಡಿ. ಅಷ್ಟೇ.

ಊರಲ್ಲಿರುವವರು ಕೇಳಿ. ನಮ್ಮ ಕರಾವಳಿಯಲ್ಲಿ ಗಾಲ್ಫ್ ದೊಡ್ಡ ವಿಷಯ ಅಲ್ಲ, ಆದರೆ 'ಸೀ ವ್ಯೂ' ದೊಡ್ಡ ವಿಷಯ. ಪಕ್ಕದ ಗೋವಾದ ತೇರೇಖೋಲ್‌ನಲ್ಲಿ ಗಾಲ್ಫ್ ಕೋರ್ಸ್ ಇರುವ ರೆಸಾರ್ಟ್ ಯೋಜನೆ ಬಂದಾಗ ಊರವರು ಎದುರು ನಿಂತು ಹೋರಾಡಿದ್ದರು. ನಮ್ಮಲ್ಲೂ ಮರಳ ದಿಬ್ಬ ಉಂಟು, ಅದರ ಮೇಲೆ ನೇರಳೆ ಹೂ ಬಿಡುವ ಬಳ್ಳಿ ಉಂಟು, ರಾತ್ರಿ ಬಂದು ಮೊಟ್ಟೆ ಇಡುವ ಕಡಲಾಮೆ ಉಂಟು. ಕೇಂದ್ರದ ಸಿಆರ್‌ಝಡ್ ಅಧಿಸೂಚನೆ ಈ ದಿಬ್ಬಗಳನ್ನು ಅತಿ ಸೂಕ್ಷ್ಮ ವಲಯದಲ್ಲಿ ಇಟ್ಟಿದೆ. ಕಾಗದದಲ್ಲಿ ಉಂಟು, ನೆಲದಲ್ಲಿ ಇರ್ತದಾ ಅನ್ನುವುದು ಊರಿನವರು ಕೇಳುವ ಪ್ರಶ್ನೆಗಳ ಮೇಲೆ ನಿಂತಿದೆ. ಬೀಚಿಗೆ ಹೋಗುವ ಹಳೆಯ ಕಾಲುದಾರಿಗೆ ಯಾರಾದರೂ ಗೇಟ್ ಹಾಕಿದರೆ ಕೇಳಿ. ಪಂಚಾಯತಿಗೆ ಹೋಗಿ, ಬರೆದು ಕೊಡಿ.

ಕೊನೆಯದು ನಮ್ಮೆಲ್ಲರಿಗೆ. ಇನ್ನು ಮುಂದೆ ಬಂಡೆ ಮೇಲಿನ ಹಸಿರು ಕಾರ್ಪೆಟ್ ಶೇರ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ. ಆ ನೆಲದಲ್ಲಿ ಮೊದಲು ಎಂತ ಇತ್ತು? ಆ ಊರಿನ ಹುಡುಗಿ ಅಲ್ಲಿ ಆಡಬಹುದಾ? ಆಡದವರು ಅಲ್ಲಿಂದ ಸಮುದ್ರಕ್ಕೆ ನಡೆದು ಹೋಗಬಹುದಾ? ಮೂರಕ್ಕೂ ಒಳ್ಳೆಯ ಉತ್ತರ ಸಿಕ್ಕಿದರೆ ಧಾರಾಳ ಲೈಕ್ ಒತ್ತಿ, ನನಗೂ ಕಳಿಸಿ, ಬಸ್ ಹಿಡಿದು ಹೋಗ್ತೇನೆ.

ಒಪ್ಪದವರು ಕಾಮೆಂಟಿಗೆ ಬನ್ನಿ. ಬೈಗುಳ ಬೇಡ, ವಾದ ತನ್ನಿ.

#ಲಿಂಕ್ಸ್ #ಕಡಲದಂಡೆ #ಮರಳದಿಬ್ಬ #ಊರಿನನೆಲ #ಸ್ಕಾಟ್ಲೆಂಡ್‌ನಿಂದ #ಕನ್ನಡದಲ್ಲಿಜಗಳ